ಬಾಗಿಲ ಚಿಲಕಕ್ಕೂ ಕರೆಂಟು ಬೇಕಾದಾಗ

ಕಳೆದ ಬೇಸಿಗೆ ರಜೆಯಲ್ಲಿ ಬಡೇ ಮಾಮು ಅವರ ಮಗ, ನಮ್ಮ ಭಾಯಿಜಾನ್, ಬೆಂಗಳೂರಿನಿಂದ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಅರಸೀಕೆರೆಗೆ ಬಂದಿದ್ದರು. ನಾನಿಯವರನ್ನು ಜಾವಗಲ್ ದರ್ಗಾಕ್ಕೆ ಕರೆದುಕೊಂಡು ಹೋಗುವುದು, ಅಲ್ಲಿಂದ ಹಾಗೇ ಮುಂದೆ ಹಳೇಬೀಡು, ಬೇಲೂರು ನೋಡಿಕೊಂಡು ಬರುವುದು ಎಂದು ತೀರ್ಮಾನವಾಯಿತು. ಜಾವಗಲ್ ಮುಗಿಸಿ ಹಳೇಬೀಡು ತಲುಪಿದೆವು. ದೇವಾಲಯ ನೋಡಿ ಬಂದಾಗ ಮಧ್ಯಾಹ್ನ ಒಂದು ಗಂಟೆ. ನಾನಿ ಮತ್ತು ಭಾಯಿಜಾನ್ ಅವರ ಮೂರು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ಕುಳಿತರು. ಭಾಯಿಜಾನ್ ಮತ್ತು ನಾನು ಮುಂದೆ ಕುಳಿತೆವು. ಬಾಗಿಲುಗಳು ಮುಚ್ಚಿಕೊಂಡವು. ಕಾರು ಹೊರಡಿಸಲು ಹೋದರೆ ಎದುರಿನ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಆಮೇಲೆ ಏನೂ ಇಲ್ಲ. ಎ.ಸಿ. ಇಲ್ಲ, ಕಿಟಕಿಯ ಗಾಜು ಇಳಿಯಲಿಲ್ಲ, ಹಾರ್ನ್ ಕೂಡ ಬರಲಿಲ್ಲ.

ಮುಂದಿನ ಬಾಗಿಲಿಗೆ ಕೈಯಿಂದ ಎಳೆಯುವ ಒಂದು ಸಣ್ಣ ಹಿಡಿ ಇತ್ತು. ನಾವಿಬ್ಬರೂ ಇಳಿದೆವು. ಹಿಂದಿನ ಬಾಗಿಲಿಗೆ ಇದ್ದದ್ದು ಒಂದು ಗುಂಡಿ ಮಾತ್ರ. ನಾನಿ ಅದನ್ನು ಒತ್ತಿದರು, ಮತ್ತೆ ಒತ್ತಿದರು, ತೆರೆಯಲಿಲ್ಲ. ಹೊರಗಿನಿಂದ ತೆರೆಯೋಣವೆಂದರೆ ಹಿಡಿಕೆ ಬಾಗಿಲಿನೊಳಗೇ ಮಟ್ಟಸವಾಗಿ ಕುಳಿತಿತ್ತು, ಉಗುರು ಹಾಕಲೂ ಜಾಗವಿರಲಿಲ್ಲ. ಮಗುವನ್ನು ಎರಡು ಸೀಟುಗಳ ಸಂದಿಯಿಂದ ಮುಂದಕ್ಕೆ ಎಳೆದುಕೊಂಡೆವು. ನಾನಿಗೆ ಮಂಡಿ ನೋವು, ಆ ಸಂದಿಯಲ್ಲಿ ನುಸುಳುವುದು ಅವರಿಂದ ಆಗದ ಮಾತು. ಮುಂದಿನ ಬಾಗಿಲು ಎರಡೂ ತೆರೆದಿದ್ದರೂ ಹಿಂದಿನ ಸೀಟು ಒಲೆಯಂತೆ ಕಾಯುತ್ತಿತ್ತು. ನಾನಿ ಬೆವರು ಒರೆಸಿಕೊಳ್ಳುತ್ತಾ ನಮ್ಮ ಉರ್ದುವಿನಲ್ಲಿ ಕೇಳಿದರು, "ಬೇಟಾ, ಇಷ್ಟು ದುಡ್ಡಿನ ಗಾಡಿಗೆ ಒಂದು ಚಿಟ್ಕನಿ ಇಲ್ಲವಾ?"

ಚಿಟ್ಕನಿ ಇತ್ತು. ಎಲ್ಲಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾರಿನ ಕೈಪಿಡಿ ಪುಸ್ತಕವಾಗಿ ಇರಲಿಲ್ಲ, ಅದು ಆ ಕಪ್ಪು ಪರದೆಯೊಳಗೇ ಇತ್ತು! ಅರಸೀಕೆರೆಯಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸುವ ಛೋಟೇ ಮಾಮುಗೆ ಫೋನ್ ಮಾಡಿದೆವು. "ಫೋನಿನಲ್ಲೇ ಕಂಪನಿಯ ಕೈಪಿಡಿ ಹುಡುಕಿ, ಗಾಜು ಒಡೆಯುವ ಯೋಚನೆ ಆಮೇಲೆ" ಎಂದರು. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಕೊನೆಗೆ ಪುಟ ಸಿಕ್ಕಿತು. ಹಿಂದಿನ ಬಾಗಿಲಿನ ಕೆಳಗೆ ನೀರಿನ ಬಾಟಲಿ ಇಡುವ ಜಾಗವಿದೆಯಲ್ಲ, ಅದರ ತಳದ ರಬ್ಬರ್ ಹಾಸನ್ನು ಎತ್ತಬೇಕು, ಅಡಿಯಲ್ಲಿ ಒಂದು ಪುಟ್ಟ ಮುಚ್ಚಳ, ಅದನ್ನು ತೆಗೆದರೆ ಒಂದು ತಂತಿ. ಅದನ್ನು ಎಳೆಯಬೇಕು. ನಾನು ತೆಳ್ಳಗಿದ್ದೇನೆಂದು ನನ್ನನ್ನೇ ಹಿಂದಕ್ಕೆ ನುಗ್ಗಿಸಿದರು. ತಂತಿ ಎಳೆದೆ. ಬಾಗಿಲು 'ಟಕ್' ಎಂದು ತೆರೆಯಿತು. ಸುಮಾರು ಇಪ್ಪತ್ತು ನಿಮಿಷ ಆಗಿತ್ತು. ನಾನಿ ಇಳಿದು ಮರದ ನೆರಳಿನಲ್ಲಿ ಕುಳಿತು ನೀರು ಕುಡಿದರು. ಆ ದಿನ ಬೇಲೂರು ನೋಡಲಿಲ್ಲ.

ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ಎಂಜಿನಿಯರಿಂಗ್ ನನಗೆ ಬಾರದು. ಆದರೂ ಕೇಳಿ, ಓದಿ, ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಚಿಲಕ ಬೇರೆ, ಬೀಗ ಬೇರೆ

ನಾವು ಎಲ್ಲವನ್ನೂ 'ಡೋರ್ ಲಾಕ್' ಎಂದುಬಿಡುತ್ತೇವೆ. ಆದರೆ ಮನೆಯ ಬಾಗಿಲಿನಲ್ಲಿ ಚಿಲಕವೇ ಬೇರೆ, ಬೀಗವೇ ಬೇರೆ. ಚಿಲಕ ಬಾಗಿಲನ್ನು ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಬೀಗ ಆ ಚಿಲಕವನ್ನು ಬೇರೆಯವರು ತೆಗೆಯದಂತೆ ತಡೆಯುತ್ತದೆ. ಕಾರಿನಲ್ಲೂ ಹೀಗೆಯೇ. ಸೆಂಟ್ರಲ್ ಲಾಕಿಂಗ್ ಬಂದಾಗ ವಿದ್ಯುತ್ತು ಬಂದದ್ದು ಬೀಗಕ್ಕೆ ಮಾತ್ರ. ಒಂದು ಗುಂಡಿ ಒತ್ತಿದರೆ ನಾಲ್ಕೂ ಬಾಗಿಲಿಗೆ ಬೀಗ ಬೀಳುತ್ತಿತ್ತು, ಆದರೆ ಬಾಗಿಲು ತೆರೆಯುವ ಕೆಲಸ ಕೈಯದೇ ಆಗಿತ್ತು. ಈಗ ಬಂದಿರುವ ಬದಲಾವಣೆ ಅದಕ್ಕಿಂತ ದೊಡ್ಡದು. ಈಗ ಚಿಲಕಕ್ಕೇ ವಿದ್ಯುತ್ತು ಬಂದಿದೆ.

ಹಳೆಯ ಚಿಲಕ ಹೇಗೆ ಕೆಲಸ ಮಾಡುತ್ತದೆ?

ಇದನ್ನು ತಿಳಿಯಲು ಛೋಟೇ ಮಾಮು ನನ್ನನ್ನು ಅವರ ಗಾಡಿ ರಿಪೇರಿ ಮಾಡುವ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿನ ಉಸ್ತಾದ್ ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಮಾರುತಿ 800ರ ಬಾಗಿಲನ್ನು ಬಿಚ್ಚಿ ತೋರಿಸಿದರು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಗ್ರಾಹಕರ ಕೈ ಸೇರಿದ ಈ ಕಾರನ್ನು ನಮ್ಮ ಊರಿನಲ್ಲಿ ಈಗಲೂ ಅಲ್ಲಲ್ಲಿ ಕಾಣಬಹುದು.

ಬಾಗಿಲು ಕೂರುವ ಚೌಕಟ್ಟಿಗೆ ಒಂದು ಗಟ್ಟಿ ಉಕ್ಕಿನ ಕೊಂಡಿ ಬಿಗಿದಿರುತ್ತದೆ. ಗ್ಯಾರೇಜಿನವರು ಅದನ್ನು ಸ್ಟ್ರೈಕರ್ ಎನ್ನುತ್ತಾರೆ. ಬಾಗಿಲಿನ ಅಂಚಿನೊಳಗೆ ಏಡಿಯ ಕೊಂಬಿನ ಆಕಾರದ ಒಂದು ತಿರುಗುವ ತುಂಡು ಇರುತ್ತದೆ. ಬಾಗಿಲು ಹಾಕಿದಾಗ ಅದು ತಿರುಗಿ ಸ್ಟ್ರೈಕರನ್ನು ತಬ್ಬಿ ಹಿಡಿಯುತ್ತದೆ. ಅದು ಹಿಂದಕ್ಕೆ ತಿರುಗದಂತೆ ಇನ್ನೊಂದು ಸಣ್ಣ ತುಂಡು ಸ್ಪ್ರಿಂಗಿನ ಬಲದಿಂದ ಅಡ್ಡ ನಿಲ್ಲುತ್ತದೆ. ನಾವು ಹಿಡಿಕೆ ಎಳೆದಾಗ ಒಂದು ಸರಳು ಅಥವಾ ಕೇಬಲ್ ಆ ಅಡ್ಡ ತುಂಡನ್ನು ಸರಿಸುತ್ತದೆ. ಏಡಿಯ ಕೊಂಬು ಬಿಡುತ್ತದೆ, ಬಾಗಿಲು ತೆರೆಯುತ್ತದೆ.

ಇನ್ನೊಂದು ವಿಷಯವನ್ನೂ ಉಸ್ತಾದ್ ತೋರಿಸಿದರು. ಏಡಿಯ ತುಂಡಿನಲ್ಲಿ ಎರಡು ಹಲ್ಲುಗಳಿರುತ್ತವೆ. ಮೊದಲ ಹಲ್ಲಿಗೆ ಮಾತ್ರ ಸಿಕ್ಕಿದರೆ ಬಾಗಿಲು 'ಅರ್ಧ' ಬಿದ್ದಿದೆ ಎನ್ನುತ್ತೇವಲ್ಲ, ಅದು. ಎರಡನೆಯದಕ್ಕೆ ಸಿಕ್ಕಿದರೆ ಪೂರ್ತಿ ಬಿದ್ದಂತೆ. ಸರಿಯಾಗಿ ಹಾಕದ ಬಾಗಿಲು ಓಡುವ ಗಾಡಿಯಲ್ಲಿ ಥಟ್ಟನೆ ತೆರೆದುಕೊಳ್ಳಬಾರದೆಂದು ಈ ಎರಡು ಹಂತ. ಅಪಘಾತದಲ್ಲಿ ಜನ ಹೊರಗೆ ಎಸೆಯಲ್ಪಡದಂತೆ ಬಾಗಿಲನ್ನು ಹಿಡಿದಿಡುವುದೂ ಚಿಲಕದ ಕೆಲಸವೇ. ಹಾಗಾಗಿ ಚಿಲಕಕ್ಕೆ ಎರಡು ಕರ್ತವ್ಯಗಳಿವೆ. ಬೇಡದಾಗ ತೆರೆಯಬಾರದು, ಬೇಕಾದಾಗ ತೆರೆಯದೆ ಇರಬಾರದು.

ಹೊಸ ಚಿಲಕದಲ್ಲಿ ಏನು ಬದಲಾಗಿದೆ?

ಹೊಸ ಚಿಲಕದಲ್ಲೂ ಸ್ಟ್ರೈಕರ್ ಇದೆ, ಏಡಿಯ ತುಂಡು ಇದೆ, ಅಡ್ಡ ತುಂಡೂ ಇದೆ. ಬದಲಾಗಿರುವುದು ಎಳೆಯುವ ಕೈ. ನಾವು ಗುಂಡಿ ಒತ್ತಿದರೆ ಒಂದು ಸಂಕೇತ ಕಾರಿನ ಕಂಪ್ಯೂಟರಿಗೆ ಹೋಗುತ್ತದೆ. ಕಾರು ನಿಂತಿದೆಯೇ, ಬೀಗ ತೆಗೆದಿದೆಯೇ ಎಂದು ಅದು ನೋಡಿ ಅಪ್ಪಣೆ ಕೊಡುತ್ತದೆ. ಆಗ ಚಿಲಕದೊಳಗಿನ ಪುಟ್ಟ ಮೋಟಾರು ತಿರುಗಿ ಅಡ್ಡ ತುಂಡನ್ನು ಸರಿಸುತ್ತದೆ. ಹಿಡಿಕೆಗೂ ಚಿಲಕಕ್ಕೂ ನಡುವೆ ಸರಳು ಇಲ್ಲ, ವೈರ್ ಮಾತ್ರ.

ಈ ಮೋಟಾರಿಗೆ ಕರೆಂಟು ಬರುವುದು ಎಲ್ಲಿಂದ? ನಮ್ಮ ತಪ್ಪು ತಿಳಿವಳಿಕೆ ಇದ್ದದ್ದು ಇಲ್ಲಿಯೇ. ಭಾಯಿಜಾನ್, "ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇತ್ತಲ್ಲಾ" ಎಂದು ಹೇಳುತ್ತಲೇ ಇದ್ದರು. ಅವರು ಹೇಳಿದ್ದು ಚಕ್ರ ಓಡಿಸುವ ದೊಡ್ಡ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನಲ್ಲಿ ಅದರ ಜೊತೆಗೆ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿಯೂ ಸಾಮಾನ್ಯವಾಗಿ ಇರುತ್ತದೆ. ಬಾಗಿಲು, ಕಿಟಕಿ, ಪರದೆ, ಹಾರ್ನ್ ಎಲ್ಲವೂ ಈ ಸಣ್ಣದರಿಂದ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಕೂಡ ಈ ಸಣ್ಣದರ ಬಲದಿಂದಲೇ ಕೆಲಸ ಮಾಡುತ್ತದೆ. ಹಾಗಾಗಿ ಸಣ್ಣದು ಸತ್ತರೆ ದೊಡ್ಡದು ತುಂಬಿದ್ದರೂ ಉಪಯೋಗವಿಲ್ಲ. ತಿಜೋರಿ ತುಂಬ ಹಣವಿದ್ದು ಬೀಗದ ಕೈ ಕಳೆದುಹೋದ ಹಾಗೆ.

ಕಂಪನಿಗಳು ಇದನ್ನು ಏಕೆ ತಂದವು?

ಇದು ಬರೀ ಶೋಕಿ ಎಂದು ನಾನು ಮೊದಲು ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಸರಳು, ಕೇಬಲ್ಲುಗಳು ಕಡಿಮೆಯಾದರೆ ಬಾಗಿಲಿನೊಳಗೆ ಜಾಗ ಉಳಿಯುತ್ತದೆ. ಹೊರಗಿನ ಹಿಡಿಕೆ ಮಟ್ಟಸವಾಗಿದ್ದರೆ ಗಾಳಿಯ ತಡೆ ಸ್ವಲ್ಪ ಕಡಿಮೆಯಾಗುತ್ತದೆ. ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂಬುದೇ ಮಾರಾಟದ ಮುಖ್ಯ ಮಾತಾದ್ದರಿಂದ ಆ ಸ್ವಲ್ಪವೂ ಅವರಿಗೆ ಬೇಕು. ಸುರಕ್ಷತೆಯ ಲಾಭವೂ ಉಂಟು. ಹಿಂದಿನಿಂದ ಬೈಕ್ ಬರುತ್ತಿರುವಾಗ ಬಾಗಿಲು ತೆರೆಯದಂತೆ ಕೆಲವು ಕಾರುಗಳ ಕಂಪ್ಯೂಟರು ತಡೆಯಬಲ್ಲದು. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಸೈಕಲ್ ಓಡಿಸುವ ನನ್ನಂಥವರಿಗೆ ಅದರ ಬೆಲೆ ಗೊತ್ತು.

ಆದರೆ ಎಲೆಕ್ಟ್ರಿಕ್ ಕಾರು ಎಂದ ಮಾತ್ರಕ್ಕೆ ಎಲೆಕ್ಟ್ರಿಕ್ ಚಿಲಕ ಇರಲೇಬೇಕೆಂದಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಪೂರ್ತಿ ಎಲೆಕ್ಟ್ರಿಕ್ ಕಾರು. ಅದರ ಬಾಗಿಲು ತೆರೆಯಲು ಕೈಯಿಂದ ಎಳೆಯುವ ಸಾಧಾರಣ ಹಿಡಿಕೆಯೇ ಇತ್ತು.

ಬೇರೆ ದೇಶಗಳಲ್ಲಿ ನಡೆದದ್ದು

ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿಗೆ 2005ರ ಮಾದರಿಯಿಂದಲೇ ವಿದ್ಯುತ್ ಚಿಲಕ ಬಂದಿತ್ತು. ಕರೆಂಟು ಹೋದರೆ ಎಳೆಯಲು ಸೀಟಿನ ಪಕ್ಕ ನೆಲದ ಮೇಲೆ ಒಂದು ಹಿಡಿಯನ್ನೂ ಕೊಟ್ಟಿದ್ದರು. 2015ರ ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ 72 ವರ್ಷದ ಒಬ್ಬರು ತಮ್ಮ ನಾಯಿಯೊಂದಿಗೆ ಇಂಥ ಕಾರಿನೊಳಗೆ ಸಿಕ್ಕಿಕೊಂಡರು. ಬ್ಯಾಟರಿಯ ವೈರ್ ಸಡಿಲವಾಗಿತ್ತು, ಬಾಗಿಲಿನ ಗುಂಡಿ ಕೆಲಸ ಮಾಡಲಿಲ್ಲ. ಬಿಸಿಲಿನ ಝಳಕ್ಕೆ ಇಬ್ಬರೂ ಸತ್ತರು. ನೆಲದ ಹಿಡಿ ಅವರ ಕೈಯಳತೆಯಲ್ಲೇ ಇತ್ತು. ಇದನ್ನು ಓದಿದಾಗ ಹಳೇಬೀಡಿನ ಆ ಇಪ್ಪತ್ತು ನಿಮಿಷ ನೆನಪಾಗಿ ನನಗೆ ಮೈ ನಡುಗಿತು. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರಬಹುದು.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2021ರ ಮಾದರಿಯ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ಬಾಗಿಲ ಹಿಡಿಕೆಗಳ ಬಗ್ಗೆ ಪ್ರಾಥಮಿಕ ತನಿಖೆ ಆರಂಭಿಸಿತು. ತಂದೆತಾಯಿ ಕಾರಿನಿಂದ ಇಳಿದ ಮೇಲೆ ಹಿಂದಿನ ಸೀಟಿನ ಮಗುವನ್ನು ಇಳಿಸಲು ಬಾಗಿಲು ತೆರೆಯಲಿಲ್ಲ ಎಂಬಂಥ ದೂರುಗಳು ಅದಕ್ಕೆ ಬಂದಿದ್ದವು. ನಾಲ್ಕು ಪ್ರಕರಣಗಳಲ್ಲಿ ಗಾಜು ಒಡೆಯಬೇಕಾಗಿ ಬಂದಿತ್ತು.

ಚೀನಾ ಇನ್ನೂ ಮುಂದೆ ಹೋಗಿ 2026ರ ಫೆಬ್ರವರಿಯಲ್ಲಿ ಕಡ್ಡಾಯ ನಿಯಮವನ್ನೇ ಪ್ರಕಟಿಸಿತು. ಅದು ಜಾರಿಗೆ ಬರುವ ದಿನ 2027ರ ಜನವರಿ 1. ಡಿಕ್ಕಿಯ ಬಾಗಿಲನ್ನು ಬಿಟ್ಟು ಪ್ರತಿ ಬಾಗಿಲಿಗೂ ಒಳಗೆ ಮತ್ತು ಹೊರಗೆ ಕೈಯಿಂದ ತೆರೆಯುವ ವ್ಯವಸ್ಥೆ ಇರಬೇಕು. ಹೊರಗಿನ ಹಿಡಿಕೆಯ ಹತ್ತಿರ ಕೈ ಹಾಕಲು ಕನಿಷ್ಠ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 2.5 ಸೆಂ.ಮೀ. ಆಳದಷ್ಟು ಜಾಗ ಬಿಡಬೇಕು. ಒಳಗೆ ತೆರೆಯುವ ಬಗೆಯನ್ನು ತೋರಿಸುವ ಗುರುತು ಇರಬೇಕು. ಅಲ್ಲಿ ವಿದ್ಯುತ್ ಚಿಲಕವನ್ನೇ ಬೇಡವೆಂದಿಲ್ಲ, ಅದರ ಜೊತೆಗೆ ಕೈಚಿಲಕವೂ ಇರಲಿ, ಎಲ್ಲರಿಗೂ ಕಾಣುವಂತೆ ಇರಲಿ ಎಂದಿದ್ದಾರೆ.

ಕೈಚಿಲಕವೂ ಸೋಲುವ ಕಡೆ

ಕೈಚಿಲಕವಿದ್ದರೆ ಯಾವ ಅಪಾಯವೂ ಇಲ್ಲ ಎಂದು ನಾನು ಹೇಳುತ್ತಿಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ ಬಾಡಿಗೆ ಕಾರೊಂದು ಮುಳುಗಿ, ಊರು ನೋಡಲು ಹೊರಟಿದ್ದ ಕುಟುಂಬದ ಯುವತಿಯೊಬ್ಬರು ತೀರಿಕೊಂಡರು. ನೀರಿನಲ್ಲಿ ಕಾರಿನ ಬಾಗಿಲು ಏಕೆ ತೆರೆಯುವುದಿಲ್ಲ ಎಂಬುದನ್ನು ಸೈನ್ಸ್ ಓದುವ ಗೆಳೆಯ ಲೆಕ್ಕ ಹಾಕಿ ತೋರಿಸಿದ. ಒಂದು ಮೀಟರ್ ಅಗಲದ ಬಾಗಿಲು, ಅದರ ತಳದಿಂದ ಅರ್ಧ ಮೀಟರ್ ಎತ್ತರಕ್ಕೆ ಹೊರಗೆ ನೀರು, ಒಳಗೆ ನೀರಿಲ್ಲ ಎಂದಿಟ್ಟುಕೊಳ್ಳಿ. ಆಗ ನೀರು ಬಾಗಿಲನ್ನು ಒತ್ತುವ ಬಲ ಸುಮಾರು 125 ಕಿಲೋ ಭಾರಕ್ಕೆ ಸಮ. ಚಿಲಕ ಬಿಟ್ಟುಕೊಂಡರೂ ಬಾಗಿಲನ್ನು ನೂಕುವುದು ಕಷ್ಟ. ಅಂಥಲ್ಲಿ ನೀರು ಏರುವ ಮೊದಲೇ ಕಿಟಕಿಯ ಗಾಜು ಇಳಿಸುವುದು ಅಥವಾ ಒಡೆಯುವುದೇ ದಾರಿ.

ಬಸ್ಸಿನ ಮಾತೂ ಇದೇ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ಸತ್ತರು. ಬಾಗಿಲು ತೆರೆಯಲಿಲ್ಲವೆಂದು ಪತ್ರಿಕೆಗಳು ಬರೆದವು. ಬದುಕಿದವರಲ್ಲಿ ಅನೇಕರು ಕಿಟಕಿ ಒಡೆದು ಹೊರಬಂದವರು. ಗಾಳಿಯ ಒತ್ತಡದಿಂದ ತೆರೆಯುವ ಬಾಗಿಲಿರುವ ಬಸ್ಸುಗಳಲ್ಲಿ ಬಾಗಿಲ ಹತ್ತಿರವೇ ತುರ್ತು ಗುಂಡಿಯೊಂದು ಇರುತ್ತದೆ. ಅದನ್ನು ತಿರುಗಿಸಿದರೆ ಗಾಳಿ ಹೊರಹೋಗಿ ಬಾಗಿಲನ್ನು ಕೈಯಿಂದ ನೂಕಬಹುದು. ದಿನಾ ಅದರ ಕೆಳಗೇ ನಿಂತು ಕಾಲೇಜಿಗೆ ಬರುವ ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸಿದ್ದೇವೆ?

ನಮ್ಮ ಪಠ್ಯದಲ್ಲೇ ಇರುವ ಮಾತು

ದ್ವಿತೀಯ ಪಿ.ಯು.ಸಿ. ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಪಾಠವಿದೆ. ಸುರಕ್ಷತೆಯ ಹಕ್ಕು, ಮಾಹಿತಿ ಪಡೆಯುವ ಹಕ್ಕು ಎಂದು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ನಾನು ಅಂದುಕೊಂಡದ್ದು ಇಷ್ಟು: ಕಾರು ಕೊಂಡವರು ಭಾಯಿಜಾನ್, ಆದ್ದರಿಂದ ಗ್ರಾಹಕ ಅವರು, ಮಾಹಿತಿಯ ಹಕ್ಕೂ ಅವರದು. ಹಿಂದಿನ ಸೀಟಿನಲ್ಲಿ ಕುಳಿತ ನಾನಿ ಬರೀ ಪ್ರಯಾಣಿಕರು. ಇದನ್ನು ನಮ್ಮ ಉಪನ್ಯಾಸಕರಿಗೆ ಹೇಳಿದಾಗ ಅವರು ನಕ್ಕು, ಕಾಯ್ದೆಯಲ್ಲಿ ಗ್ರಾಹಕ ಎಂದರೆ ಯಾರು ಎಂಬ ಭಾಗವನ್ನು ಮತ್ತೆ ಓದಲು ಹೇಳಿದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಕೊಟ್ಟು ವಸ್ತುವನ್ನು ಕೊಂಡವರ ಜೊತೆಗೆ, ಅವರ ಒಪ್ಪಿಗೆಯಿಂದ ಅದನ್ನು ಬಳಸುವವರೂ ಗ್ರಾಹಕರೇ. ಅಂದರೆ ನಾನಿಯೂ ಗ್ರಾಹಕರು. ಮೂರು ವರ್ಷದ ಆ ಮಗುವೂ ಅಷ್ಟೇ. ಬಾಡಿಗೆ ಕೊಟ್ಟು ಟ್ಯಾಕ್ಸಿಯಲ್ಲಿ ಕೂರುವ ಪ್ರವಾಸಿ ಸೇವೆಯ ಗ್ರಾಹಕ. ಜೀವಕ್ಕೆ ಅಪಾಯವಾಗುವ ವಸ್ತುಗಳಿಂದ ರಕ್ಷಣೆ ಮತ್ತು ಸರಿಯಾದ ಮಾಹಿತಿ, ಇವೆರಡೂ ಇವರೆಲ್ಲರ ಹಕ್ಕು.

ಹಾಗಾದರೆ ಪರದೆಯೊಳಗಿನ ಕೈಪಿಡಿಯಲ್ಲಿ ನೂರಾರು ಪುಟಗಳ ನಡುವೆ ಒಂದು ಪುಟ ಬರೆದರೆ ಮಾಹಿತಿ ಕೊಟ್ಟಂತಾಯಿತೇ? ನಾನಿಗೆ ಓದಲು ಬರುವುದು ಉರ್ದು ಮಾತ್ರ. ಕಾರು ಹತ್ತಿದವರ ಕಣ್ಣಿಗೆ ಬೀಳುವ ಜಾಗದಲ್ಲಿ, ಓದಲು ಬಾರದವರಿಗೂ ತಿಳಿಯುವ ಒಂದು ಚಿತ್ರ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಕೈಚಿಲಕ ಕೊಟ್ಟು ಅದನ್ನು ರಬ್ಬರ್ ಹಾಸಿನ ಕೆಳಗೆ ಬಚ್ಚಿಟ್ಟರೆ, ಅಪಾಯದ ಹೊತ್ತಿನಲ್ಲಿ ಅದು ಇಲ್ಲದ ಹಾಗೆಯೇ.

ನಾವು ಮಾಡಬಹುದಾದದ್ದು

ನಿಯಮಗಳು ಬರುವ ತನಕ ಕಾಯದೆ ನಾವೇ ಕೆಲವನ್ನು ಮಾಡಬಹುದು.

1. ಮನೆಗೆ ಕಾರು ಬಂದ ದಿನವೇ ನಾಲ್ಕೂ ಬಾಗಿಲಿನ ಕೈಚಿಲಕ ಎಲ್ಲಿದೆ ಎಂದು ಹುಡುಕಿ, ಎಳೆದು ನೋಡಿ. ಮುಂದಿನ ಬಾಗಿಲಿನದು ಒಂದು ರೀತಿ, ಹಿಂದಿನದು ಇನ್ನೊಂದು ರೀತಿ ಇರಬಹುದು.

2. ಮನೆಯ ಹಿರಿಯರ ಕೈಯಿಂದ, ತಿಳಿಯುವ ವಯಸ್ಸಿನ ಮಕ್ಕಳ ಕೈಯಿಂದಲೂ ಒಮ್ಮೆ ಎಳೆಸಿ. ನೋಡಿದ್ದು ಮರೆಯಬಹುದು, ಮಾಡಿದ್ದು ನೆನಪಿರುತ್ತದೆ.

3. ಕೈಪಿಡಿಯ ಆ ಪುಟದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಆಗ ನೆಟ್‌ವರ್ಕ್ ಬೇಕಾಗುವುದಿಲ್ಲ.

4. ಸರ್ವಿಸಿಗೆ ಬಿಟ್ಟಾಗ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷಿಸಲು ಹೇಳಿ. ಕಾರು ಅದರ ಬಗ್ಗೆ ಎಚ್ಚರಿಕೆ ತೋರಿಸಿದರೆ 'ನಾಳೆ ನೋಡೋಣ' ಎನ್ನಬೇಡಿ.

5. ಗಾಜು ಒಡೆಯುವ ಚೂಪು ಮೊನೆಯ ಸುತ್ತಿಗೆಯನ್ನು ಕೈಗೆ ಎಟಕುವಲ್ಲಿ ಇಡಿ. ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಮುಂದಿನ ದೊಡ್ಡ ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಪುಡಿಯಾಗಿ ಉದುರುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಅಂಥದ್ದೇ ಇರುತ್ತದೆ, ಅದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ.

6. ಮಗುವನ್ನಾಗಲಿ ವಯಸ್ಸಾದವರನ್ನಾಗಲಿ ಮುಚ್ಚಿದ ಕಾರಿನಲ್ಲಿ ಬಿಟ್ಟು 'ಎರಡೇ ನಿಮಿಷ' ಎಂದು ಹೋಗಬೇಡಿ.

ಭಾಯಿಜಾನ್ ಕಾರಿನ ಸಣ್ಣ ಬ್ಯಾಟರಿಯನ್ನು ಬದಲಿಸುವಷ್ಟರಲ್ಲಿ ಆ ದಿನ ಸಂಜೆಯಾಗಿತ್ತು. ಮರುದಿನ ನಾನು ದಪ್ಪ ಕಾಗದದ ಮೇಲೆ ಬಾಗಿಲಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಕೆಳಗೆ ಕನ್ನಡದಲ್ಲೂ ಉರ್ದುವಿನಲ್ಲೂ 'ಇಲ್ಲಿ ಎಳೆಯಿರಿ' ಎಂದು ಬರೆದು ಎರಡೂ ಹಿಂದಿನ ಬಾಗಿಲಿಗೆ ಅಂಟಿಸಿದೆ. ಹೊಸ ಕಾರಿನ ಅಂದ ಕೆಡುತ್ತದೆಂದು ಭಾಯಿಜಾನ್ ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ಛೋಟೇ ಮಾಮು ತಮ್ಮ ಹಳೆಯ ಟ್ಯಾಕ್ಸಿಯಲ್ಲಿ ನಾನಿಯನ್ನೂ ನನ್ನನ್ನೂ ಬೇಲೂರಿಗೆ ಕರೆದುಕೊಂಡು ಹೋದರು. ನಾನಿ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ಮಾಮು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಒಳಗಿನ ಹಿಡಿಕೆಯನ್ನು ಒಮ್ಮೆ ಎಳೆದರು. ಬಾಗಿಲು ತೆರೆಯಿತು. ಮತ್ತೆ ಹಾಕಿಕೊಂಡು, "ಸರಿ ಇದೆ, ಈಗ ನಡಿ" ಎಂದರು.